ತಾಮ್ರದ ಕೊಪ್ಪರಿಗೆಯ ಬಿಯರು

ಐವತ್ತರ ದಶಕದಲ್ಲಿ ಚಿಕ್ಕಬಳ್ಳಾಪುರದ ನಮ್ಮ ಮನೆಯ ಬಚ್ಚಲೊಲೆಯ ಮೇಲೆ ಬಿಯರು ಕುದಿಯುತ್ತಿತ್ತು ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಅಕ್ಕಪಕ್ಕದವರು ಕೇಳಿದರೆ ನಾನು ಕಷಾಯ ಎನ್ನುತ್ತಿದ್ದೆ. ಬೇವಿನ ಹೂವಿನ ಘಾಟಿಗೆ ಅವರೂ ಹೆಚ್ಚು ಕೆದಕುತ್ತಿರಲಿಲ್ಲ.

ಇವರು, ಅಂದರೆ ನನ್ನ ಯಜಮಾನರು, ಕುಡುಕರೇನಲ್ಲ. ಯುದ್ಧಕಾಲದಲ್ಲಿ ಯಾವುದೋ ಮರಳುಗಾಡಿನ ದೇಶದಲ್ಲಿ ಸಿಪಾಯಿಯಾಗಿದ್ದವರು. ಅಲ್ಲಿ ಕಾಲಿಗೆ ಗುಂಡು ತಗುಲಿ ಬಿದ್ದಾಗ, ಶಿಡ್ಲಘಟ್ಟದ ಕಡೆಯ ಸಾದಲಿ ಎಂಬ ಹಳ್ಳಿಯ ಗೆಳೆಯರೊಬ್ಬರು ಇವರನ್ನು ಬೆನ್ನ ಮೇಲೆ ಹೊತ್ತು ತಂದು ಉಳಿಸಿದ್ದರು. ಆಸ್ಪತ್ರೆಯ ಡೇರೆಯಲ್ಲಿ ಇಬ್ಬರೂ ಒಂದು ಬಾಟಲಿ ಹೊಂಬಣ್ಣದ ಬಿಯರನ್ನು ಹಂಚಿಕೊಂಡು ಕುಡಿದಿದ್ದರಂತೆ. ಊರಿಗೆ ಮರಳಿದ ಮೇಲೆ ಇವರು ಏನು ಕೊಡಹೋದರೂ ಆ ಗೆಳೆಯರು ಬೇಡವೆನ್ನುತ್ತಿದ್ದರು. “ಅವತ್ತು ಕುಡಿದ್ವಲ್ಲ, ಅದನ್ನ ಇನ್ನೊಂದು ಸಲ ಕುಡಿಸು, ಸಾಕು” ಎಂದು ನಕ್ಕುಬಿಡುತ್ತಿದ್ದರು. ಅವರು ತಮಾಷೆಗೆ ಹೇಳಿದ್ದನ್ನು ಇವರು ತಲೆಗೆ ಹಚ್ಚಿಕೊಂಡರು. ಅದೊಂದು ತೀರದೆ ಇವರಿಗೆ ನೆಮ್ಮದಿಯಿರಲಿಲ್ಲ.

ಬಿಯರು ನಮ್ಮೂರ ಅಂಗಡಿಯಲ್ಲಿ ಸಿಗುವ ಮಾತೇ ಇರಲಿಲ್ಲ, ಮನೆಯಲ್ಲೇ ಮಾಡಲು ಹೊರಟರು. ಅಂಗಡಿಯ ಬಾರ್ಲಿ ನೆನೆಹಾಕಿದರೆ ಮೊಳಕೆ ಬರಲಿಲ್ಲ. ಸಿಪ್ಪೆ ತೆಗೆದ ಕಾಳು ಎಲ್ಲಿಂದ ಮೊಳೆತೀತು? ಕೊನೆಗೆ ನಾನೇ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ತರಿತರಿಯಾಗಿ ಬೀಸಿಕೊಟ್ಟೆ. ಇವರು ಅದನ್ನು ಬಿಸಿನೀರಿನಲ್ಲಿ ಕದಡಿ, ನನ್ನ ಹಳೆಯ ಸೀರೆಯಲ್ಲಿ ಸೋಸಿ, ಬಿಯರಿನ ಕಹಿ ಬರಲೆಂದು ಬೇವಿನ ಹೂವು ಹಾಕಿ ಕುದಿಸಿದರು. ಆರಿದ ಮೇಲೆ ಬೇಕರಿಯ ಹುದುಗು ಬೆರೆಸಿ, ಉಪ್ಪಿನಕಾಯಿ ಜಾಡಿಗೆ ತುಂಬಿ ಬಾಯಿ ಕಟ್ಟಿದರು. ಆ ಸಲ ಕುದಿಸಿದ್ದು ಮಡಕೆಯಲ್ಲಿ, ತಳ ಹತ್ತಿ ಸೀದುಹೋಗಿತ್ತು. ಗೆಳೆಯರು ಒಂದು ಗುಟುಕು ನುಂಗಿ, ಚೆನ್ನಾಗಿದೆ ಎಂದು ಹೇಳಿ ಲೋಟ ಕೆಳಗಿಟ್ಟರು. ಮತ್ತೆ ಅದನ್ನು ಎತ್ತಲಿಲ್ಲ. ಇವರ ಮುಖ ನೋಡಲಾಗಲಿಲ್ಲ ನನಗೆ.

ಪಾತ್ರೆಯದೇ ತಪ್ಪು ಎಂದು ತೀರ್ಮಾನಿಸಿ, ಇವರು ಶಿಡ್ಲಘಟ್ಟಕ್ಕೆ ಹೋಗಿ ದಪ್ಪ ತಳದ ತಾಮ್ರದ ಕೊಪ್ಪರಿಗೆ ತಂದರು. ಕೆಳಗೆ ನಲ್ಲಿ ಬೇರೆ ಕೂರಿಸಿದರು. ಮದುವೆಯಾಗಿ ಬಂದ ನನ್ನನ್ನೂ ಅಷ್ಟು ಸಂಭ್ರಮದಿಂದ ಒಳಗೆ ಕರೆದುಕೊಂಡಿರಲಿಲ್ಲ. ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ ವರ್ಷಗಟ್ಟಲೆ ಗೂಡು ಬೇಯಿಸಿದ್ದ ಪಾತ್ರೆ ಅದು. ಹುಣಸೆಹಣ್ಣು, ಬೂದಿ ಹಾಕಿ ಕೈ ಸೋಲುವವರೆಗೆ ಉಜ್ಜಿದೆ. ಹೊಳೆಯಿತು, ವಾಸನೆಯೂ ಹೋಯಿತು ಅಂದುಕೊಂಡೆ. ರಾಗಿಯ ರಸ ಕುದಿ ಬಂದದ್ದೇ ತಡ, ಬೆಂದ ಹುಳುವಿನ ವಾಸನೆ ಬಚ್ಚಲನ್ನೆಲ್ಲ ತುಂಬಿತು. ಶಿಡ್ಲಘಟ್ಟದ ಬೀದಿಗಳಲ್ಲಿ ಓಡಾಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಉಳಿದವರು ಪುಣ್ಯವಂತರು.

ಜಾಡಿಯಲ್ಲಿ ಹುದುಗು ಬರುವಾಗ ಹೋಗುತ್ತದೆ ಎಂದರು ಇವರು. ಹೋಗಲಿಲ್ಲ. ಜಾಡಿಯ ಬಾಯಿ ಬಿಚ್ಚಿದ ದಿನ, ಇದನ್ನು ಚರಂಡಿಗೆ ಸುರಿಯಿರಿ ಎಂದು ನಾನು ರೇಗುತ್ತಿರುವಾಗಲೇ, ಮೊದಲೇ ಬರಹೇಳಿದ್ದ ಗೆಳೆಯರು ಬೆಳಗಿನ ಬಸ್ಸಿಳಿದು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ಬಣ್ಣ ಮಾತ್ರ ತಿಳಿ ಜೇನಿನಂತೆ ಸೊಗಸಾಗಿತ್ತು. ಈ ಸಲವೂ ಕೆಟ್ಟಿತು ಎಂದು ಮೊದಲೇ ಹೇಳಿ, ತಲೆ ತಗ್ಗಿಸಿಕೊಂಡೇ ಇವರು ಲೋಟ ಕೊಟ್ಟರು. ಗೆಳೆಯರು ಬಾಯಿಯವರೆಗೆ ತಂದು ನಿಲ್ಲಿಸಿದರು. ಮೂಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಾಚಿಕೆಯಿಂದ ಕುಗ್ಗಿಹೋದೆ. ಅವರು ನಿಧಾನವಾಗಿ ಲೋಟವನ್ನು ಪೂರ್ತಿ ಬರಿದು ಮಾಡಿದರು. ಕಣ್ಣು ತುಂಬಿತ್ತು.

“ನಮ್ಮಮ್ಮ ದಿನಾ ಗೂಡು ಬೇಯಿಸ್ತಿದ್ಳು ಕಣಯ್ಯ. ಅವಳ ಕೈಯೆಲ್ಲಾ ಇದೇ ವಾಸನೆ. ಕಲಸಿಕೊಟ್ಟ ಅನ್ನಾನೂ ಇದೇ ವಾಸನೆ ಅಂತ ಬೈತಿದ್ದೆ ನಾನು. ಯುದ್ಧದಿಂದ ಬರೋ ಹೊತ್ತಿಗೆ ಅವಳೇ ಇರಲಿಲ್ಲ.”

ಡೇರೆಯಲ್ಲಿ ಕುಡಿದ ರುಚಿ ಇದಲ್ಲ ಎಂದೂ ಅವರು ಹೇಳಿದರು, ಸುಳ್ಳಾಡಲಿಲ್ಲ. ಆಮೇಲೆ ಇನ್ನೊಂದಿಷ್ಟು ಹಾಕು ಎಂದು ಲೋಟ ಚಾಚಿದರು. ಇವರು ಜಾಡಿಯನ್ನೇ ಎತ್ತಿ ತಂದು ಬಗ್ಗಿಸಿದರು.

ಈಗ ಅವರಿಬ್ಬರೂ ಇಲ್ಲ. ಕೊಪ್ಪರಿಗೆ ಅಟ್ಟದ ಮೇಲಿದೆ, ಕೆಳಗಿಳಿಸಿದಾಗಲೆಲ್ಲ ಸಂಕಟವಾಗುತ್ತದೆ. ಅವತ್ತಿನ ಮೇಲೆ, ಇಬ್ಬರೂ ಇದ್ದಷ್ಟು ಕಾಲ, ಆ ಗೆಳೆಯರು ಬರುತ್ತಾರೆಂದರೆ ಸಾಕು, ನಾನು ಹುಣಸೆಹಣ್ಣು ಹಿಡಿದು ಕೊಪ್ಪರಿಗೆಯ ಮುಂದೆ ಕೂರುವ ಹೊತ್ತಿಗೆ ಇವರು ಹಿಂದೆಯೇ ಬಂದು ನಿಲ್ಲುತ್ತಿದ್ದರು. “ಜಾಸ್ತಿ ಉಜ್ಜಬೇಡ ಕಣೇ.”