ಸಾನಮ್ಮನ ಖಾಲಿ ಜಗಲಿ

ನನ್ನ ಮೇಜಿನ ಮೇಲೊಂದು ಮಣ್ಣಿನ ಗಂಟೆಯಿದೆ. ನೆಲ್ಲಿಕಾಯಿಗಿಂತ ತುಸು ದೊಡ್ಡದು. ಗುಡಿಯ ಗಂಟೆಯ ಹಾಗೆ ಅದು ಮೊಳಗುವುದಿಲ್ಲ. ಒಣಗಿದ ಕಾಯಿಯೊಳಗಿನ ಬೀಜದ ಹಾಗೆ ಕೊಟರ್ ಕೊಟರ್ ಎನ್ನುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಕುವೈತಿನ ಮೈದಾನ್ ಹವಲ್ಲಿಯ ಆ ಕಟ್ಟಡ, ಕತ್ತಲು ಮೆಟ್ಟಿಲು, ಯಾರದೋ ಮನೆಯಲ್ಲಿ ಮೀನು ಹುರಿಯುವ ಹೊಗೆ, ಅವ್ವನ ಸೆರಗಿಗೆ ಅಂಟಿಕೊಂಡಿದ್ದ ಫಿನಾಯಿಲ್ ವಾಸನೆ ಎಲ್ಲವೂ ಎದ್ದು ಬರುತ್ತವೆ. ಅಪ್ಪ ಅಲ್ಲಿಯ ರಾಯ್ ಎಂಬ ಬಡಾವಣೆಯ ಗ್ಯಾರೇಜೊಂದರಲ್ಲಿ ಫಿಟ್ಟರ್. ಬಾಗಲಕೋಟೆ ಕಡೆಯಿಂದ ಹೋದ ನಾವು ಮೂವರೂ ಒಂದೇ ಕೋಣೆಯಲ್ಲಿದ್ದೆವು. ನಮ್ಮ ಮೇಲಿನ ಮಹಡಿಯಲ್ಲಿ ಜಪಾನಿನ ಎಂಜಿನಿಯರ್ ಒಬ್ಬರು ಹೆಂಡತಿಯೊಂದಿಗೆ ಇದ್ದರು. ಅವ್ವ ಅವರ ಮನೆಗೆಲಸ ಮಾಡುತ್ತಿದ್ದಳು.

ಮನೆಗೆ ಬಂದವರೆಲ್ಲ ಆ ದಂಪತಿಯನ್ನು ಏನೋ ಒಂದು ಹೇಳಿ ಕೊನೆಗೆ 'ಸಾನ್' ಎನ್ನುತ್ತಿದ್ದರು. ಅವ್ವ ಅದನ್ನೇ ಹಿಡಿದುಕೊಂಡಳು. "ಗಂಡನ ಹೆಸರೂ ಸಾನ್, ಹೇಣ್ತಿ ಹೆಸರೂ ಸಾನ್. ಜೋಡಿ ಭಾಳ ಛಲೋ ಕೂಡೇತಿ ನೋಡ" ಎಂದು ನಕ್ಕು, ಅಂದಿನಿಂದ ಆಕೆಯನ್ನು ಸಾನಮ್ಮ ಎಂದೇ ಕರೆದಳು. ನಾನು "ಅವ್ವಾ" ಎಂದು ಕೂಗುವುದನ್ನು ಕೇಳಿ ಸಾನಮ್ಮನೂ ಅದೇ ಅವ್ವನ ಹೆಸರೆಂದು ತಿಳಿದು 'ಅವ್ವಾ-ಸಾನ್' ಎನ್ನುತ್ತಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ಬಣ್ಣದ ನೀರಿನಂಥ ಚಹಾ ಕುಡಿಯುತ್ತ ತಂತಮ್ಮ ಮಾತಿನಲ್ಲೇ ಹರಟುತ್ತಿದ್ದರು. ನನಗೆ ಅವರ ಊಟದ ಮೇಜು ಸಿಗುತ್ತಿತ್ತು. ನಾನು ಮೊದಲ ಸಲ ಮೇಜಿನ ಮೇಲೆ ಪುಸ್ತಕವಿಟ್ಟು ಓದಿದ್ದು ಅಲ್ಲಿಯೇ.

ಆ ಕೋಣೆಯ ಗೋಡೆಯಲ್ಲಿ, ಕೈಯೆತ್ತಿದರೆ ನಿಲುಕುವಷ್ಟು ಎತ್ತರದಲ್ಲಿ, ಒಂದು ಹಲಗೆ. ಅದರ ಮೇಲೆ ಬಿಳಿ ಮರದ ಪುಟ್ಟ ಗುಡಿ. ಅವ್ವ ಅದನ್ನು ದೇವರ ಜಗಲಿ ಎನ್ನುತ್ತಿದ್ದಳು. ಸಾನಮ್ಮ ದಿನಾ ಬೆಳಿಗ್ಗೆ ಅಲ್ಲಿ ನೀರು, ಅಕ್ಕಿ, ಉಪ್ಪು ಇಟ್ಟು, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಿದ್ದಳು. ವರ್ಷಕ್ಕೊಮ್ಮೆ ಅವರ ಊರ ದೇವರ ಹಬ್ಬಕ್ಕೆ ತಪ್ಪದೆ ಹೋಗುತ್ತಿದ್ದಳು. ಈ ಗಂಟೆ ಹಾಗೊಮ್ಮೆ ಹೋದಾಗ ನನಗೆ ತಂದದ್ದು. ಅದರ ಹೊಟ್ಟೆಯ ಮೇಲೆ ಆ ಊರ ಗುಡಿಯ ಹೆಸರಿದೆ. ಮರುವರ್ಷ ಗಂಡಹೆಂಡಿರಿಬ್ಬರೂ ಹೊರಟಾಗ ಸಾನಮ್ಮ ಅವ್ವನ ಕೈಗೆ ಕೀಲಿ ಕೊಟ್ಟು, ಜಗಲಿಯನ್ನು ತೋರಿಸಿ, ಕೈಮುಗಿದಳು. ಅವ್ವ ಮಿಂದು ಮಡಿಯಲ್ಲೇ ನೀರಿಡುತ್ತಿದ್ದಳು. ಒಂದು ದಿನ ನಾನೇ ಕುರ್ಚಿ ಹತ್ತಿ ಆ ಗುಡಿಯ ಪುಟ್ಟ ಬಾಗಿಲು ತೆರೆದೆ.

"ಏನೈತಿ ಒಳಗ?"

"ಒಂದ ಚೀಟಿ ಐತಿ, ಅಷ್ಟ."

"ಮೂರ್ತಿ?"

"ಇಲ್ಲವ್ವ."

"ಅಯ್ಯ ಶಿವನ! ಇಷ್ಟ ದಿನ ಖಾಲಿ ಜಗಲಿಗೆ ನೀರಿಟ್ಟೆನೇನ ನಾ?"

ಅವ್ವನಿಗೆ ಸಾನಮ್ಮನ ಮೇಲೆ ಕನಿಕರ ಬಂತು. ಮಕ್ಕಳಿಲ್ಲದಾಕೆ, ಇಷ್ಟು ದೂರ ಬಂದಾಕೆ, ಜಗಲಿಯಲ್ಲಿ ದೇವರೂ ಇಲ್ಲ. ನಮ್ಮಲ್ಲಿ ಮೂರ್ತಿ ಇಲ್ಲದಿದ್ದರೆ ಅಡಿಕೆಯನ್ನೇ ಗಣಪತಿ ಎಂದು ಇಡುವುದುಂಟು. ಅವ್ವ ಊರಿನಿಂದ ತಂದಿದ್ದ ಅಡಿಕೆಯೊಂದಕ್ಕೆ ಅರಿಶಿನ ಕುಂಕುಮ ಹಚ್ಚಿ ಆ ಚೀಟಿಯ ಮುಂದೆ ಕೂರಿಸಿದಳು. "ಅಕಿ ಬರೂತನಾ ಇರ್ಲಿ. ಬರೂ ಮುಂದ ತಗದ್ರಾತು."

ತೆಗೆಯುವ ದಿನ ಬರಲಿಲ್ಲ. ಅದೇ ವಾರ ಅಪ್ಪ ಬಂದು ಬಾಗಿಲಲ್ಲೇ ನಿಂತು, "ಕಫೀಲ್ ಖಲಾಸ್ ಅಂದ. ಗ್ಯಾರೇಜ್ ಮುಚ್ಚಾಕತ್ತಾನ. ಗುರುವಾರ ಫ್ಲೈಟು" ಎಂದ. ಕಫೀಲ್ ಎಂದರೆ ನಮ್ಮ ವೀಸಾ ಹಿಡಿದಿದ್ದ ಮಾಲೀಕ; ಅವನು ಮುಗಿಯಿತೆಂದರೆ ಹೊರಡಲೇಬೇಕು. ಮೂರು ದಿನದಲ್ಲಿ ನಮ್ಮ ಮನೆ ಮೂರು ಚೀಲವಾಯಿತು. ಅವ್ವ ಸಾನಮ್ಮನ ನೆಲ ಒರೆಸಿ, ಜಗಲಿಗೆ ಹೊಸ ನೀರಿಟ್ಟು, ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟು ಬಂದಳು. ವಿಮಾನ ಮೇಲೇರಿದ ಮೇಲೆ ನನ್ನ ಮಣಿಕಟ್ಟು ಹಿಡಿದು "ಅಡಿಕಿ!" ಎಂದು ಕೂಗಿದಳು. ಅಪ್ಪ, "ಇಲ್ಲಿ ಎಲ್ಲಿ ತರ್ಲಿ? ಊರಿಗೆ ಹೋಗಿ ತಿನ್ನೀಯಂತ" ಎಂದ. ಅವ್ವ ನಗಲಿಲ್ಲ.

ಊರಿಗೆ ಬಂದ ಮೇಲೆ ಅವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಸರ್ಟಿಫಿಕೇಟನ್ನು ಅವ್ವ ಒದ್ದೆ ಕೈ ಒರೆಸಿಕೊಂಡು ಮುಟ್ಟಿದಳು. ಆಮೇಲೆ ಅವಳು ಕೇಳಿದ್ದು ಇಷ್ಟೇ. "ಈಗರ ನೀ ಕಲ್ತಾಕಿ. ಅಕಿಗೊಂದ ಕಾಗದ ಬರಿ. ನಂಬಿ ಕೀಲಿ ಕೊಟ್ಟಿದ್ಲು, ಕೇಳದನ ಅಕಿ ದೇವರ ಮನಿಯಾಗ ಕೈ ಹಾಕಿದೆ. ತಪ್ಪಾತು ಅಂತ ಬರಿ."

"ಯಾರ ಹೆಸರಿಗೆ ಬರೀಲಿ?"

"ಸಾನಮ್ಮ ಅಂತ ಬರಿ."

ನಾನು ನಕ್ಕುಬಿಟ್ಟೆ. "ಸಾನ್ ಅಂದ್ರ ಹೆಸರಲ್ಲವ್ವ. ನಾವು 'ಅವರು' ಅಂತೀವಲ್ಲ, ಹಂಗ." ಅವ್ವನ ಮುಖ ಸಣ್ಣದಾಯಿತು. "ಹಂಗಾರ ಇಷ್ಟ ವರ್ಷ ಅಕಿಗೆ ಹೆಸರ ಇರ್ಲಿಲ್ಲೇನ?" ಎಂದಳು. ಕಲಿತವಳ ಆ ನಗುವನ್ನು ನಾನಿನ್ನೂ ಕ್ಷಮಿಸಿಕೊಂಡಿಲ್ಲ. ಕಾಗದ ಹೋಗಲಿಲ್ಲ. ನಾಲ್ಕು ವರ್ಷದ ಮೇಲೆ ಅವ್ವ ಹೋದಳು.

ಅವ್ವ ಹೋದ ಮರುವರ್ಷ ಕಂಪನಿ ನನ್ನನ್ನು ತರಬೇತಿಗೆಂದು ಜಪಾನಿಗೆ ಕಳಿಸಿತು. ಅಲ್ಲಿಯ ಸಹೋದ್ಯೋಗಿ ಎಮಿ ಗಂಟೆಯ ಮೇಲಿನ ಹೆಸರನ್ನು ಓದಿದಳು. ಹಬ್ಬದ ದಿನವನ್ನೇ ನೋಡಿ ಇಬ್ಬರೂ ಹೋದೆವು. ತಪ್ಪದೆ ಬರುವವಳು ಆ ದಿನ ಬಂದೇ ಇರುತ್ತಾಳೆ ಎಂಬ ಆಸೆ. ಪಾಚಿಗಟ್ಟಿದ ಕಲ್ಲಿನ ಕಮಾನು, ತಲೆಯೆತ್ತಿದರೂ ತುದಿ ಕಾಣದ ಮರಗಳು, ನೂರಾರು ವರ್ಷದ ಕಾಲುಗಳಿಗೆ ಸವೆದ ಮೆಟ್ಟಿಲು. ಗಂಡಸರು ದೇವರ ಪಲ್ಲಕ್ಕಿಯನ್ನು ಹೆಗಲ ಮೇಲೆ ಕುಣಿಸುತ್ತ ಕೂಗುತ್ತಿದ್ದರು. ಡೋಲಿನ ಪೆಟ್ಟು ಎದೆಗೆ ಬಡಿಯುತ್ತಿತ್ತು. ನಾನು ಮಾತ್ರ ಪ್ರತಿ ಮುದುಕಿಯ ಮುಖವನ್ನೂ ನೋಡುತ್ತ ನಡೆದೆ. ಕೊನೆಗೆ ಅರ್ಚಕರನ್ನು ಕೇಳಿದೆವು. ಹೆಸರೇನು ಎಂದರು. ನನ್ನ ಹತ್ತಿರ ಹೆಸರಿರಲಿಲ್ಲ. "ಕುವೈತ್" ಎಂದೆ.

ಪಕ್ಕದಲ್ಲಿ ಸಿಹಿ ಗಂಜಿಯಂಥದ್ದನ್ನು ಹಂಚುತ್ತಿದ್ದ ಅಜ್ಜಿಯೊಬ್ಬಳು ಸೌಟು ಕೆಳಗಿಟ್ಟಳು. ಎಮಿ ಕೇಳಿಸಿಕೊಂಡು ಹೇಳಿದಳು: ಇವರು ಆಕೆಯ ನೆರೆಯವರಂತೆ. ಗಂಡ ಮೊದಲೇ ಹೋಗಿದ್ದರು, ಆಕೆ ಕಳೆದ ಚಳಿಗಾಲದಲ್ಲಿ ತೀರಿಕೊಂಡರಂತೆ. ಮನೆಯ ಜಗಲಿಯನ್ನು ಪದ್ಧತಿಯಂತೆ ಇವರೇ ತಂದು ಈ ಗುಡಿಯ ಬೆಂಕಿಗೆ ಒಪ್ಪಿಸಿದರಂತೆ. ಅವರಲ್ಲಿ ದೇವರೆಂದೇ ಇಡುವ ಆ ಚೀಟಿಯನ್ನು ವರ್ಷ ವರ್ಷ ಬದಲಾಯಿಸುತ್ತಿದ್ದ ಆಕೆ, ಒಳಗಿದ್ದ ಒಂದು ಒಣಗಿದ ಕಂದು ಬೀಜವನ್ನು ಮಾತ್ರ ಒರೆಸಿ ಮತ್ತೆ ಅಲ್ಲಿಯೇ ಇಡುತ್ತಿದ್ದರಂತೆ. ಅದೇನೆಂದು ಆಕೆಗೂ ಗೊತ್ತಿರಲಿಲ್ಲವಂತೆ.

ಯಾರು ಕೊಟ್ಟದ್ದಂತೆ ಎಂದು ಕೇಳು ಎಂದೆ ಎಮಿಗೆ. ಅಜ್ಜಿ ಹಣೆ ಸುಕ್ಕಾಗಿಸಿ ನೆನಪು ಮಾಡಿಕೊಂಡು ಹೇಳಿದಳು. ಆ ಮಾತನ್ನು ಎಮಿ ನನಗೆ ತಿಳಿಸಿ ಹೇಳಬೇಕಾಗಲಿಲ್ಲ.

"ಅವ್ವಾ-ಸಾನ್."

ಗುಡಿಯ ಮುಚ್ಚಿದ ಬಾಗಿಲಿನ ಮುಂದೆ ನಿಂತು ಎರಡು ಸಲ ಬಾಗಿದೆ, ಎರಡು ಚಪ್ಪಾಳೆ ತಟ್ಟಿದೆ. ಬರುವಾಗ ಅಜ್ಜಿ ಸಾನಮ್ಮನ ನಿಜವಾದ ಹೆಸರನ್ನು ಬರೆದುಕೊಟ್ಟಳು. ಚೀಟಿ ಗಂಟೆಯ ಕೆಳಗಿದೆ. ಓದಿ ಹೇಳೋಣವೆಂದರೆ ಅವ್ವನಿಲ್ಲ.