ಐವತ್ತೈದು ನಿಮಿಷದ ಲೀಲಕ್ಕ

ಸಾಂಟಾ ಕ್ಲಾರಾದ ಕನ್ನಡಿಗರ ನಡುವೆ ನನಗೊಂದು ಪದವಿಯಿದೆ. ಯಾರೂ ಕೊಟ್ಟದ್ದಲ್ಲ, ನಾನೇ ಏರಿ ಕುಳಿತದ್ದು. ಯಾರ ಅತ್ತೆ ಬೆಂಗಳೂರಿನಿಂದ ಹೊರಟರೂ ಎಲ್ಲಿ ವಿಮಾನ ಬದಲಿಸಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ನಾನು ಅಪ್ಪಣೆ ಕೊಡಿಸಬೇಕು. ಈ ಬೆಳಿಗ್ಗೆ ಕಿರಿಯ ಗೆಳೆಯ ಶ್ರೀಧರನ ಅತ್ತೆಗಾಗಿ ದಾರಿ ಹುಡುಕುತ್ತಿದ್ದಾಗ, ಕೇಳದಿದ್ದರೂ ಕಂಪ್ಯೂಟರು ಒಂದು ಸಾಲು ತೋರಿಸಿತು: ಫ್ರಾಂಕ್‌ಫರ್ಟ್‌ನಿಂದ ಜ್ಯೂರಿಕ್, ಐವತ್ತೈದು ನಿಮಿಷ.

ದೂರ ಮುನ್ನೂರು ಕಿಲೋಮೀಟರಿಗೂ ಕೊಂಚ ಕಡಿಮೆ. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬಂದಷ್ಟು. ಇದು ನನಗೆ ಬಾಯಿಪಾಠ, ಏಕೆಂದರೆ ಜ್ಯೂರಿಕ್‌ನಲ್ಲಿ ನನ್ನ ದೊಡ್ಡಮ್ಮನ ಮಗಳು ಲೀಲಕ್ಕ ಇದ್ದಳು. ಊರಿಗೆ ಹೋಗಿಬರುವಾಗಲೆಲ್ಲ ನಾನು ಫ್ರಾಂಕ್‌ಫರ್ಟ್‌ನಲ್ಲೇ ವಿಮಾನ ಬದಲಿಸುತ್ತಿದ್ದೆ.

“ಫ್ರಾಂಕ್‌ಫರ್ಟ್ ತನಕ ಬರ್ತೀಯ, ಇಲ್ಲಿಗೆ ಬರಕ್ಕಾಗಲ್ವೇನೋ? ಮೈಸೂರಲ್ಲಿ ಹುಳಿಯನ್ನಕ್ಕೆ ಅಂತ ಸೈಕಲ್ ತುಳ್ಕೊಂಡು ಬರ್ತಿದ್ದೆ,” ಎನ್ನುತ್ತಿದ್ದಳು.

“ವೀಸಾ ಬೇಕು ಲೀಲಕ್ಕ.”

ಮುಂದೆ ನಾನು ಅಮೆರಿಕದ ಪ್ರಜೆಯಾದೆ, ವೀಸಾ ಬೇಡವಾಯಿತು. ಆ ಕಾರಣವನ್ನು ಸಕಲ ಮರ್ಯಾದೆಗಳೊಡನೆ ನಿವೃತ್ತಿಗೊಳಿಸಿ, ‘ರಜೆ ಇಲ್ಲ’ ಎಂಬುದನ್ನು ಆ ಸ್ಥಾನಕ್ಕೆ ನೇಮಿಸಿದೆ. ಅದೂ ನಿಷ್ಠೆಯಿಂದ ದುಡಿಯಿತು.

ಆಮೇಲೊಂದು ವರ್ಷ ಅವಳೇ ನಾಲ್ಕು ಗಂಟೆ ರೈಲಿನಲ್ಲಿ ಕೂತು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಬಂದಳು, ಡಬ್ಬಿಯಲ್ಲಿ ಕೋಡುಬಳೆ ಹಿಡಿದು. “ಆಚೆ ನಿಂತಿದೀನಿ ಕಣೋ, ಬಾ,” ಎಂದು ಫೋನು.

ನನ್ನ ಮುಂದಿನ ವಿಮಾನಕ್ಕೆ ಏಳು ಗಂಟೆ ಇತ್ತು. ಆದರೆ ಹೊರಗೆ ಹೋದರೆ ಮತ್ತೆ ಕ್ಯೂ, ಮತ್ತೆ ಬೆಲ್ಟು ಬಿಚ್ಚುವುದು, ಬೂಟು ಬಿಚ್ಚುವುದು. ಒರಗುವ ಕುರ್ಚಿಯೊಂದು ಆಗ ತಾನೇ ಸಿಕ್ಕಿತ್ತು. “ಹೊರಗೆ ಬಿಡಲ್ವಂತೆ ಲೀಲಕ್ಕ,” ಎಂದೆ. ಯಾರೂ ಹಾಗೆ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲೂ ಇಲ್ಲ.

“ಹೌದಾ? ಇಲ್ಲಿ ರೂಲ್ಸು ಅಂದ್ರೆ ರೂಲ್ಸೇ ಬಿಡು. ಫೋನಲ್ಲೇ ಮಾತಾಡು, ಒಂದೇ ಬಿಲ್ಡಿಂಗಲ್ಲಿದೀವಲ್ಲ.”

ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಅರ್ಧ ಗಂಟೆ ಮಾತಾಡಿದೆವು. ನಡುವೆ ಕಟುಮ್ಮನೆ ಸದ್ದು ಬಂತು. “ಕೋಡುಬಳೆ ಮುರಿದೆ. ಗರಿಗರಿಯಾಗಿದೆ, ಕೇಳಿಸ್ತಾ?” ಎಂದಳು. ಕೇಳಿಸಿತು ಎಂದೆ. ಅವಳು ಮತ್ತೆ ನಾಲ್ಕು ಗಂಟೆ ರೈಲಿನಲ್ಲಿ ಹಿಂತಿರುಗಿದಳು. ನನಗೆ ಆ ಕುರ್ಚಿಯಲ್ಲಿ ನಿದ್ದೆಯೇನೂ ಬರಲಿಲ್ಲ. ಅದನ್ನು ಪ್ರಾಯಶ್ಚಿತ್ತವೆಂದು ಹೇಳಿಕೊಳ್ಳುವ ಧೈರ್ಯವೂ ಇಲ್ಲ.

ಕಳೆದ ವರ್ಷ ಅವಳ ಮಗ ಫೋನು ಮಾಡಿ, ಅಮ್ಮ ಹೋದಳು ಎಂದ. ರಜೆ ತಕ್ಷಣ ಸಿಕ್ಕಿತು. ಫ್ರಾಂಕ್‌ಫರ್ಟ್‌ನಲ್ಲಿ ಆ ಐವತ್ತೈದು ನಿಮಿಷದ ವಿಮಾನ ಹತ್ತಿದೆ. ಗಗನಸಖಿ ಒಂದು ಚಾಕಲೇಟು ಕೊಟ್ಟಳು. ಅದರ ಕಾಗದ ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದೆ, ವಿಮಾನ ಇಳಿಯತೊಡಗಿತು.

ನಿಲ್ದಾಣದ ಹೊರಬಾಗಿಲಲ್ಲಿ ಅವಳ ಮಗ ನಿಂತಿದ್ದ. ಅಲ್ಲೇ ಹುಟ್ಟಿ ಬೆಳೆದವನು, ಕನ್ನಡವನ್ನು ಪದ ಪದ ಹುಡುಕಿ ಜೋಡಿಸುತ್ತಾನೆ. “ಮಾಮಾ, ಈ ಸಲ ನಿಮ್ಮನ್ನ ಹೊರಗೆ ಬಿಟ್ರಾ?” ಎಂದ. ಅದರಲ್ಲಿ ಕೊಂಕಿರಲಿಲ್ಲ. ಲೀಲಕ್ಕ ಅವನಿಗೆ ಹಾಗೆಯೇ ಹೇಳಿದ್ದಳು, ನಂಬಿ.

“ಬಿಟ್ರಪ್ಪ,” ಎಂದೆ.

ಈ ಬೆಳಿಗ್ಗೆ ಕಂಪ್ಯೂಟರು ಮುಚ್ಚಿ ಶ್ರೀಧರನಿಗೆ ಫೋನು ಮಾಡಿದೆ.

“ನಡುವೆ ಎರಡೇ ಗಂಟೆ ಕಾಯೋ ಟಿಕೆಟ್ಟೇ ಬುಕ್ ಮಾಡ್ಲಾ ಸಾರ್?” ಎಂದ.

“ನಿಮ್ಮತ್ತೆಗೆ ಆ ದಾರೀಲಿ ಬೇಕಾದವರು ಯಾರಾದ್ರೂ ಇದಾರೇನಯ್ಯ?”

“ಗೊತ್ತಿಲ್ಲ ಸಾರ್. ಯಾಕೆ?”

“ಮೊದಲು ಅದನ್ನ ಕೇಳು. ಟಿಕೆಟ್ಟು ಆಮೇಲೆ.”