ಹುಣಸೆಹಣ್ಣಿನಲ್ಲಿ ತೊಳೆದ ಕ್ಲಾರಿನೆಟ್

"ಎಂಜಲು ಹೋಗಲಿ ಅಂತ ತೊಳೆದೆ" ಎಂದರೋ, "ಮಡಿಯಾಗಲಿ ಅಂತ" ಎಂದರೋ, ಅಪ್ಪನ ಆ ಮಾತು ಸರಿಯಾಗಿ ನೆನಪಿಲ್ಲ. ಇವತ್ತು ಹಿತ್ತಾಳೆ ದೀಪ ಉಜ್ಜುವಾಗ ಹುಣಸೆಹಣ್ಣಿನ ವಾಸನೆಗೆ ಹಳೆಯ ಸಿಟ್ಟು ಎದ್ದಿತು.

ತಿ. ನರಸೀಪುರದ ಸೋದರಮಾವ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಪಿಟೀಲಿಗೆಂದು ಬರೆದ, ಯುರೋಪಿನ ಹಳೆಯ ಬರೋಕ್ ಕಾಲದ ರಚನೆಗಳನ್ನು ಕ್ಲಾರಿನೆಟ್ಟಿಗೆ ಹೊಂದಿಸಿ ನನಗೆ ಕಲಿಸಿದರು. ಪಿಟೀಲಿನವರು ಉಸಿರಿಗಾಗಿ ನಿಲ್ಲಬೇಕಿಲ್ಲ. ಆ ಉದ್ದುದ್ದ ಸಾಲುಗಳ ನಡುವೆ ಎಲ್ಲಿ ಕದ್ದು ಉಸಿರೆಳೆಯಬೇಕೆಂದು ಕಲಿಯಲು ನನಗೆ ಇಡೀ ಬೇಸಿಗೆ ಹಿಡಿಯಿತು. ಕೊನೆಗೆ ಮೈಸೂರಿನ ಒಂದು ಕಾರ್ಯಕ್ರಮದಲ್ಲಿ ಮಾವನ ಜೊತೆ ನುಡಿಸುವುದೆಂದು ನಿಶ್ಚಯವಾಯಿತು. ಅಭ್ಯಾಸಕ್ಕೆಂದು ಅವರು ತಮ್ಮ ಹಳೆಯ ವಾದ್ಯವನ್ನು ನಂಜನಗೂಡಿನ ನಮ್ಮ ಮನೆಯಲ್ಲೇ ಬಿಟ್ಟಿದ್ದರು.

ಹೊರಡುವ ದಿನ ಬೆಳಿಗ್ಗೆ ಅಪ್ಪ ಅದನ್ನು ಕಪಿಲೆಯ ನೀರಿನಲ್ಲಿ ನೆನೆಹಾಕಿ, ಲೋಹದ ಗುಂಡಿಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ, ತಾರಸಿಯ ಬಿಸಿಲಿಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ವಾದ್ಯದ ಕಪ್ಪು ಮರದ ಕೊಳವೆ ಉದ್ದಕ್ಕೂ ಸೀಳಿತ್ತು.

ನನ್ನನ್ನು ಕರೆದೊಯ್ಯಲು ಬಂದ ಮಾವ ಆ ಸೀಳನ್ನು ಬೆರಳಿನಿಂದ ಸವರಿದರು. "ಭಾವ, ಇದೇನು ಪಂಚಪಾತ್ರೇನಾ?"

"ನೀನು ಬಾಯಿಗಿಟ್ಟಿದ್ದನ್ನ ಇವಳೂ ಬಾಯಿಗಿಡ್ತಾಳೆ. ತೊಳೆದದ್ದು ತಪ್ಪೇನೋ?" ಎಂದರು ಅಪ್ಪ.

"ಹೇಳಿದ್ರೆ ಊದೋ ತುದಿ ಮಾತ್ರ ಬಿಚ್ಚಿ ಕೊಡ್ತಿದ್ದೆ."

"ಹೋಗ್ಲಿ ಬಿಡೋ. ಹೆಣ್ಣುಮಗು ಓಲಗ ಊದದೇ ಇದ್ರೆ ಮನೆ ಮುಳುಗೋಗತ್ತಾ?"

ಮಾವ ಊಟ ಮಾಡದೆ ಬಸ್ಸು ಹತ್ತಿದರು. ನಾನು ಮತ್ತೆಂದೂ ಊದಲಿಲ್ಲ.

ದೀಪ ಈಗ ಹೊಳೆಯುತ್ತಿದೆ. ಆ ಉದ್ದುದ್ದ ಸಾಲುಗಳನ್ನು ಗುನುಗಿದರೆ ಇವತ್ತಿಗೂ ಅವೇ ಜಾಗಗಳಲ್ಲಿ ಕದ್ದು ಉಸಿರೆಳೆಯುತ್ತೇನೆ. ಊಟದ ಮಣೆಗಳನ್ನು ತೊಳೆದಾಗಲೆಲ್ಲ, ಮರ ಸೀಳುತ್ತದೆಂದು ನೆರಳಿನಲ್ಲೇ ಒಣಗಿಸುತ್ತಿದ್ದಿರಲ್ಲ ಅಪ್ಪ, ಇದೊಂದನ್ನು ಮಾತ್ರ ಯಾಕೆ ಬಿಸಿಲಿಗಿಟ್ಟಿರಿ?